ಖಾಲಿ ವೃತ್ತ ಎಷ್ಟು ಹೇಳುತ್ತದೆ

ಮೈಕ್ರೊಬಯಾಲಜಿ ಕಲಿಸುವ ಯಾವ ಕಾಲೇಜಿಗೆ ಹೋದರೂ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಇಂಥದ್ದೊಂದು ಸಿಗುವ ಸಾಧ್ಯತೆ ಹೆಚ್ಚು: ಒಂದು ಗಿಡ, ಅದರಿಂದ ಬಟ್ಟಿ ಇಳಿಸಿದ ಸುಗಂಧ ತೈಲ, ಅದರ ಎದುರು ನಾಲ್ಕೈದು ಬಗೆಯ ಬ್ಯಾಕ್ಟೀರಿಯ. ಗಿಡ ತುಳಸಿಯಾಗಿರಬಹುದು, ಓಮ, ಲವಂಗ, ನಿಂಬೆಹುಲ್ಲು, ದೊಡ್ಡಪತ್ರೆ ಯಾವುದೂ ಆಗಿರಬಹುದು. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯ ಸವರಿ, ಎಣ್ಣೆ ಹೀರಿದ ಕಾಗದದ ಪುಟ್ಟ ಬಿಲ್ಲೆಯನ್ನು ಇಟ್ಟು, ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ತೆಗೆದಾಗ ತಟ್ಟೆಯ ತುಂಬ ಬ್ಯಾಕ್ಟೀರಿಯದ ಮಸುಕು ಪೊರೆ, ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ವೃತ್ತ. ಅದರ ಅಡ್ಡಳತೆಯನ್ನು ಸ್ಕೇಲಿನಿಂದ ಅಳೆದು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಲ್ಯಾಬಿನವರ ಮಾತಿನಲ್ಲಿ ಅದು 'ಝೋನ್'.

ಈ ಝೋನನ್ನು ಮೊದಲ ಸಲ ಕಂಡವರಿಗೆ ಆಗುವ ಸಂತೋಷ ನಿಜವಾದದ್ದು. ಹೊಟ್ಟೆನೋವೆಂದರೆ ಓಮ, ಹಲ್ಲುನೋವೆಂದರೆ ಲವಂಗ ಎಂದು ಕೇಳುತ್ತ ಬೆಳೆದವರಿಗೆ, ಆ ವಾಸನೆಯೊಳಗೆ ಬ್ಯಾಕ್ಟೀರಿಯವನ್ನು ತಡೆಯುವ ವಸ್ತುವೊಂದು ಇದೆಯೆಂಬುದು ಕಣ್ಣೆದುರೇ ಕಾಣುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ ತೊಡಕು ಶುರುವಾಗುತ್ತದೆ. ದೊಡ್ಡ ವೃತ್ತ ಕೊಟ್ಟ ಎಣ್ಣೆ ಹೆಚ್ಚು ಪ್ರಬಲ, ಚಿಕ್ಕ ವೃತ್ತ ಕೊಟ್ಟದ್ದು ದುರ್ಬಲ, ಆಂಟಿಬಯಾಟಿಕ್ ಬಿಲ್ಲೆಯಷ್ಟೇ ವೃತ್ತ ಬಂದರೆ ಎಣ್ಣೆಯೂ ಅದಕ್ಕೆ ಸಮ ಎಂದು ವರದಿಗಳು ಬರೆಯುತ್ತವೆ, ಪತ್ರಿಕೆಗಳು ಅದನ್ನೇ ಅಚ್ಚು ಹಾಕುತ್ತವೆ. ಈ ಮೂರೂ ತೀರ್ಮಾನಗಳನ್ನು ಆ ವೃತ್ತ ಹೊರಲಾರದು. ಏಕೆ ಹೊರಲಾರದು ಎಂದು ತಿಳಿಯಲು ಎಣ್ಣೆಯ ಬಾಟಲಿಯಿಂದ ಸ್ಕೇಲಿನವರೆಗಿನ ದಾರಿಯನ್ನು ನಿಧಾನವಾಗಿ ನಡೆಯಬೇಕು.

ದಾರಿ ಹೊಸತೇನಲ್ಲ. ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡುವ ವಿದ್ಯೆ ಹುಟ್ಟಿದ ಕಾಲದಲ್ಲೇ ಸುಗಂಧ ತೈಲಗಳ ಪರೀಕ್ಷೆಯೂ ಹುಟ್ಟಿತು. 1881ರಲ್ಲಿ ರಾಬರ್ಟ್ ಕಾಖ್ ಸೋಂಕುನಿವಾರಕಗಳ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಆಂಥ್ರಾಕ್ಸ್ ಬ್ಯಾಕ್ಟೀರಿಯದ ಮೇಲೆ ಟರ್ಪೆಂಟೈನ್ ಎಣ್ಣೆಯ ಪರಿಣಾಮವನ್ನೂ ನೋಡಿದ್ದ. ಬೆಳೆಯದಂತೆ ತಡೆಯುವುದು ಬೇರೆ, ಕೊಲ್ಲುವುದು ಬೇರೆ ಎಂಬ ಭೇದವನ್ನು ಅವನು ಆಗಲೇ ಸ್ಪಷ್ಟವಾಗಿ ಮಾಡಿದ್ದ. ಪಾಶ್ಚರ್‌ನ ಸಹೋದ್ಯೋಗಿ ಷಾರ್ಲ್ ಶಾಂಬರ್ಲಾನ್ 1887ರಲ್ಲಿ ಹಲವು ಸುಗಂಧ ತೈಲಗಳನ್ನು ಅದೇ ಆಂಥ್ರಾಕ್ಸ್ ಬ್ಯಾಕ್ಟೀರಿಯದ ಎದುರು ನಿಲ್ಲಿಸಿದ. 1903ರಲ್ಲಿ ರಿಡೀಲ್ ಮತ್ತು ವಾಕರ್ ಎಂಬ ಇಬ್ಬರು ಸೋಂಕುನಿವಾರಕಗಳಿಗೆಲ್ಲ ಒಂದೇ ಅಳತೆಗೋಲು ತಂದರು. ಟೈಫಾಯ್ಡ್ ಬ್ಯಾಕ್ಟೀರಿಯವನ್ನು ನಿಗದಿತ ನಿಮಿಷಗಳಲ್ಲಿ ಕೊಲ್ಲಲು ಫೀನಾಲನ್ನು ಎಷ್ಟು ತೆಳುಗೊಳಿಸಬಹುದು, ಹೊಸ ವಸ್ತುವನ್ನು ಎಷ್ಟು ತೆಳುಗೊಳಿಸಬಹುದು ಎಂಬ ಅನುಪಾತ ಅದು. 1920ರ ದಶಕದಲ್ಲಿ ಸಿಡ್ನಿಯ ಟೆಕ್ನಾಲಾಜಿಕಲ್ ಮ್ಯೂಸಿಯಮ್ಮಿನ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ ಆಸ್ಟ್ರೇಲಿಯದ ಟೀ ಟ್ರೀ ಎಣ್ಣೆಗೆ ಈ ಅಳತೆಯಲ್ಲಿ 11 ಬಂತೆಂದು ವರದಿ ಮಾಡಿದ. ಎಂದರೆ ಫೀನಾಲಿಗಿಂತ ಹನ್ನೊಂದು ಪಟ್ಟು. ಇಂದಿಗೂ ಅಂಗಡಿಯ ಕಪಾಟಿನಲ್ಲಿರುವ ಆ ಎಣ್ಣೆಯ ಖ್ಯಾತಿಗೆ ಆ ಅಂಕಿ ಬುನಾದಿ.

ನಮ್ಮ ನೆಲಕ್ಕೂ ಈ ಕಥೆಯಲ್ಲಿ ಪಾಲಿದೆ. ಮೊದಲ ಮಹಾಯುದ್ಧದವರೆಗೆ ಭಾರತದ ಓಮದ ಕಾಳು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಎಂಬ ಸೋಂಕುನಿವಾರಕವಾಗುತ್ತಿತ್ತು. ಮೈಸೂರಿನ ಗಂಧದ ಮರವೂ ಹಾಗೆಯೇ ಹರಾಜಿನಲ್ಲಿ ಮಾರಾಟವಾಗಿ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ವ್ಯಾಪಾರ ನಿಂತಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಸೇರಿ ಗಂಧದೆಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸುವ ವಿಧಾನ ರೂಪಿಸಿದರು. 1916ರಲ್ಲಿ ಸರ್ಕಾರವೇ ತಯಾರಿಕೆಗೆ ಕೈಹಾಕಿತು. ಗಂಧದೆಣ್ಣೆಯನ್ನು ಇಂದು ನಾವು ಸೋಪು, ಅತ್ತರುಗಳಿಗೆ ಸೇರಿದ್ದೆಂದು ನೆನೆಯುತ್ತೇವೆ. ಆಂಟಿಬಯಾಟಿಕ್‌ಗಳು ಬರುವ ಮುಂಚೆ ಅದು ಗೊನೋರಿಯಾಕ್ಕೆ ವೈದ್ಯರು ಬರೆದುಕೊಡುತ್ತಿದ್ದ ಔಷಧಿಯೂ ಆಗಿತ್ತು. ಪೆನಿಸಿಲಿನ್ ಬಂದ ಮೇಲೆ ಈ ಎಣ್ಣೆಗಳೆಲ್ಲ ಪಕ್ಕಕ್ಕೆ ಸರಿದವು. ಈಗ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದ ನೇರವಾಗಿ ಸಂಭವಿಸಿದ ಸಾವುಗಳು 2019 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂಬ ಅಂದಾಜು ಎದುರಿಗಿರುವಾಗ, ಜನ ಮತ್ತೆ ಅವುಗಳ ಕಡೆ ತಿರುಗಿ ನೋಡುತ್ತಿರುವುದು ಸಹಜವೇ.

ಮೊದಲ ಪ್ರಶ್ನೆ, ಬಾಟಲಿಯಲ್ಲಿ ಇರುವುದೇನು?

ಲ್ಯಾಬಿನಲ್ಲಿ ಸುಗಂಧ ತೈಲ ತೆಗೆಯಲು ಸಾಮಾನ್ಯವಾಗಿ ಬಳಸುವ ಗಾಜಿನ ಉಪಕರಣಕ್ಕೆ ಕ್ಲೆವೆಂಜರ್ ಎಂದು ಹೆಸರು. 1928ರಲ್ಲಿ ಅದನ್ನು ವಿವರಿಸಿದ ಅಮೆರಿಕನ್ ವಿಜ್ಞಾನಿಯ ಹೆಸರೇ ಅದಕ್ಕೆ ಉಳಿದಿದೆ. ದುಂಡು ತಳದ ಫ್ಲಾಸ್ಕಿನಲ್ಲಿ ನೀರು, ಜಜ್ಜಿದ ಎಲೆಯೋ ಕಾಳೋ ಹಾಕಿ ಕುದಿಸಿದರೆ ಹಬೆಯ ಜೊತೆ ಎಣ್ಣೆಯೂ ಏರುತ್ತದೆ. ಮೇಲೆ ತಣ್ಣಗಾಗಿ ಇಳಿಯುವಾಗ ಗೆರೆ ಹಾಕಿದ ಕೊಳವೆಯೊಳಗೆ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. ನೀರು ತಿರುಗಿ ಫ್ಲಾಸ್ಕಿಗೆ ಹೋಗುತ್ತದೆ. ನೂರು ಗ್ರಾಂ ಓಮದಿಂದ ಎರಡರಿಂದ ನಾಲ್ಕು ಗ್ರಾಂ ಎಣ್ಣೆ ಸಿಗಬಹುದು. ಎಷ್ಟು ಹೊತ್ತು ಕುದಿಸಿದಿರಿ ಎಂಬುದೂ ಇಲ್ಲಿ ಮುಖ್ಯ. ಹಗುರವಾದ ಅಣುಗಳು ಬೇಗ ಬರುತ್ತವೆ, ಭಾರವಾದವು ತಡವಾಗಿ. ಲಾವಂಚದ ಬೇರಿನಿಂದ ಎಣ್ಣೆ ಪೂರ್ತಿ ಇಳಿಸಲು ಹಗಲಿರುಳು ಒಲೆ ಉರಿಯಬೇಕು. ಮೂರು ಗಂಟೆಗೆ ನಿಲ್ಲಿಸಿದವರ ಲಾವಂಚದೆಣ್ಣೆಯೂ ಇಪ್ಪತ್ತು ಗಂಟೆ ಕುದಿಸಿದವರ ಲಾವಂಚದೆಣ್ಣೆಯೂ ಒಂದೇ ಅಲ್ಲ.

ಗಿಡವೇ ಬೇರೆಯಾಗುವುದು ಇನ್ನೂ ದೊಡ್ಡ ಸಂಗತಿ. ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಪಟ್ಟಣದ ಬಳಿ ಬೆಳೆಯುವ ಕಾಡು ಥೈಮ್ ಒಂದೇ ಜಾತಿಯ ಗಿಡ. ಆದರೂ ಕೆಲವು ಗಿಡಗಳ ಎಣ್ಣೆಯಲ್ಲಿ ಥೈಮಾಲ್ ಪ್ರಧಾನ, ಕೆಲವದರಲ್ಲಿ ಕಾರ್ವಕ್ರಾಲ್, ಇನ್ನು ಕೆಲವದರಲ್ಲಿ ಲಿನಲೂಲ್ ಅಥವಾ ಜೆರಾನಿಯಾಲ್. ಚಳಿಗಾಲದಲ್ಲಿ ಹೆಚ್ಚು ಕೊರೆಯುವ ತಗ್ಗಿನಲ್ಲಿ ಒಂದು ಬಗೆ, ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಬೆಚ್ಚನೆಯ ದಿಬ್ಬದಲ್ಲಿ ಇನ್ನೊಂದು. ನಮ್ಮ ಹಿತ್ತಿಲಿನ ದೊಡ್ಡಪತ್ರೆಯೂ ಹೀಗೇ, ಒಂದು ಕಡೆಯದರಲ್ಲಿ ಕಾರ್ವಕ್ರಾಲ್ ಹೆಚ್ಚು, ಇನ್ನೊಂದು ಕಡೆಯದರಲ್ಲಿ ಥೈಮಾಲ್ ಹೆಚ್ಚು. ಅದರ ಎಲೆ ಹಿಸುಕಿದಾಗ ಓಮದ ವಾಸನೆ ಬರುವುದು ಈ ಅಣುಗಳಿಂದಲೇ. ತುಳಸಿಯಲ್ಲೂ ಯುಜಿನಾಲ್ ಎಷ್ಟಿದೆ, ಮೀಥೈಲ್ ಯುಜಿನಾಲ್ ಎಷ್ಟಿದೆ ಎಂಬುದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಇವೆರಡರ ನಡುವಿನ ಅಂತರ ಕಾಗದದ ಮೇಲೆ ಸಣ್ಣದು. ಮೊದಲನೆಯದರಲ್ಲಿರುವ ಫೀನಾಲಿನ ಹೈಡ್ರಾಕ್ಸಿಲ್ ಗುಂಪು ಎರಡನೆಯದರಲ್ಲಿ ಮುಚ್ಚಿಹೋಗಿದೆ, ಅಷ್ಟೇ. ಬ್ಯಾಕ್ಟೀರಿಯದ ದೃಷ್ಟಿಯಿಂದ ಅದು ಬಹು ದೊಡ್ಡ ಅಂತರ, ಅದನ್ನು ಮುಂದೆ ನೋಡೋಣ.

ಆದ್ದರಿಂದ ಯಾವುದೇ ಎಣ್ಣೆಯನ್ನು ತಟ್ಟೆಗೆ ಹಾಕುವ ಮುಂಚೆ ಗ್ಯಾಸ್ ಕ್ರೊಮಾಟೊಗ್ರಫಿಗೆ ಕಳಿಸಿ, ಒಳಗೆ ಯಾವ ಅಣು ಎಷ್ಟು ಪಾಲು ಇದೆಯೆಂದು ತಿಳಿಯಬೇಕು. ಈ ಪಟ್ಟಿಯಿಲ್ಲದ ಪರೀಕ್ಷೆಯನ್ನು ನಾನು ಅರ್ಧ ಪರೀಕ್ಷೆ ಎಂದೇ ಎಣಿಸುತ್ತೇನೆ. 'ತುಳಸಿ ಎಣ್ಣೆಗೆ ಇಷ್ಟು ಮಿಲಿಮೀಟರ್ ಝೋನ್' ಎಂಬ ವಾಕ್ಯದಲ್ಲಿ ಯಾವ ತುಳಸಿ ಎಂಬುದು ತಿಳಿಯದಿದ್ದರೆ ಇನ್ನೊಬ್ಬರು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದೇ ಆಗದು. ಎಣ್ಣೆ ಹಳತಾಗದಂತೆ ಕಂದು ಗಾಜಿನ ಬಾಟಲಿಯಲ್ಲಿ, ತಂಪಿನಲ್ಲಿ, ಮುಚ್ಚಳ ಬಿಗಿದು ಇಡುವುದೂ ಇದರ ಭಾಗವೇ. ಗಾಳಿ ಬೆಳಕಿಗೆ ಸಿಕ್ಕ ಎಣ್ಣೆಯ ಟರ್ಪೀನ್ ಅಣುಗಳು ಆಕ್ಸಿಡೀಕರಣಗೊಂಡು ಬೇರೆಯೇ ವಸ್ತುಗಳಾಗುತ್ತವೆ.

ಇನ್ನು ತಟ್ಟೆ. ಕಾಖ್‌ನ ಲ್ಯಾಬಿಗೆ ಅಗರ್ ಬಂದದ್ದು ಅಡುಗೆಮನೆಯಿಂದ. ಜೆಲಾಟಿನ್ ಬಿಸಿಗೆ ಕರಗಿಹೋಗುತ್ತದೆಂದು ಕಾಖ್‌ನ ಜೊತೆ ಕೆಲಸ ಮಾಡುತ್ತಿದ್ದ ಗಂಡ ಪೇಚಾಡುತ್ತಿದ್ದಾಗ, ಫ್ಯಾನಿ ಹೆಸ್ಸೆ ತಾನು ಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರನ್ನು 1881ರಲ್ಲಿ ಸೂಚಿಸಿದಳು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಇದೇ. ಪರೀಕ್ಷೆಗೆ ಬಳಸುವ ಮ್ಯೂಲರ್-ಹಿಂಟನ್ ಅಗರ್ 1941ರದ್ದು. ಅದರ ಹೆಸರಿನಲ್ಲಿರುವ ಜೇನ್ ಹಿಂಟನ್ ಮುಂದೆ ಅಮೆರಿಕದಲ್ಲಿ ಪಶುವೈದ್ಯೆಯಾದ ಮೊದಲ ಕಪ್ಪು ಮಹಿಳೆಯರಲ್ಲಿ ಒಬ್ಬಳು. ಅವಳ ಹೆಸರು ಇಂದು ಆಸ್ಪತ್ರೆಯ ಪ್ರತಿ ಲ್ಯಾಬಿನ ಡಬ್ಬಿಯ ಮೇಲಿದೆ, ಅವಳ ಕಥೆ ಗೊತ್ತಿರುವವರು ಕಡಿಮೆ.

1966ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬಾವರ್, ಕರ್ಬಿ, ಶೆರಿಸ್, ಟರ್ಕ್ ಎಂಬ ನಾಲ್ವರು ಬಿಲ್ಲೆ ಪರೀಕ್ಷೆಯನ್ನು ಶಿಸ್ತಿಗೆ ತಂದರು. ಅಗರ್ 4 ಮಿ.ಮೀ. ದಪ್ಪವಿರಬೇಕು, ಪಿಎಚ್ 7.2ರಿಂದ 7.4ರೊಳಗೆ. ಬ್ಯಾಕ್ಟೀರಿಯದ ದ್ರಾವಣ 0.5 ಮ್ಯಾಕ್‌ಫಾರ್ಲಂಡ್ ಎಂಬ ನಿಗದಿತ ಮಬ್ಬಿಗೆ ಹೊಂದಬೇಕು, ಅಂದರೆ ಪ್ರತಿ ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಕೋಶ. ಹತ್ತಿಯ ಕಡ್ಡಿಯಿಂದ ಮೂರು ದಿಕ್ಕಿಗೆ ಸವರಬೇಕು. ಬಿಲ್ಲೆ 6 ಮಿ.ಮೀ., ಉಷ್ಣತೆ 35 ಡಿಗ್ರಿ, ಹದಿನಾರರಿಂದ ಹದಿನೆಂಟು ಗಂಟೆ. ಜೊತೆಗೆ ನಡತೆ ಗೊತ್ತಿರುವ ಒಂದು ಬ್ಯಾಕ್ಟೀರಿಯವನ್ನು ಪ್ರತಿ ಸಲ ಇಟ್ಟು ನೋಡಬೇಕು. ಎಟಿಸಿಸಿ 25922 ಎಂಬ ಸಂಖ್ಯೆಯ ಇ. ಕೋಲಿಗೆ 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆ ಇಟ್ಟರೆ ಝೋನ್ ಸುಮಾರು 29ರಿಂದ 38 ಮಿ.ಮೀ. ಒಳಗೆ ಬರಬೇಕು. ಬರದಿದ್ದರೆ ಅಂದಿನ ತಟ್ಟೆಗಳನ್ನೆಲ್ಲ ಬದಿಗಿಡಬೇಕು. ನಮ್ಮ ದೇಶದಲ್ಲಿ ಇಂಥ ಗುರುತುಳ್ಳ ತಳಿಗಳನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹವಾದ ಎಂಟಿಸಿಸಿಯಿಂದ ತರಿಸುತ್ತಾರೆ.

ಆಂಟಿಬಯಾಟಿಕ್‌ಗಳ ವಿಷಯದಲ್ಲೂ ಝೋನ್ ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬಿಲ್ಲೆಯಿಂದ ಹೊರಟ ಔಷಧಿ ಅಗರಿನಲ್ಲಿ ಹರಡುತ್ತ ದೂರ ಹೋದಂತೆ ತೆಳುವಾಗುತ್ತದೆ. ಅತ್ತ ಬ್ಯಾಕ್ಟೀರಿಯ ಬೆಳೆಯುತ್ತಿರುತ್ತದೆ. ಬೆಳೆದ ಬ್ಯಾಕ್ಟೀರಿಯವನ್ನು ತಡೆಯಲಾರದಷ್ಟು ಔಷಧಿ ತೆಳುವಾದ ಜಾಗದಲ್ಲಿ ವೃತ್ತದ ಅಂಚು ಮೂಡುತ್ತದೆ. ಹಾಗಾಗಿ ಆ ಅಂಚು ಎರಡು ಸಂಗತಿಗಳ ಕೂಡಿದ ಫಲ, ಔಷಧಿ ಎಷ್ಟು ತೀಕ್ಷ್ಣ ಮತ್ತು ಎಷ್ಟು ಸಲೀಸಾಗಿ ಹರಡುತ್ತದೆ. ವ್ಯಾಂಕೊಮೈಸಿನ್ ದೊಡ್ಡ ಅಣು, ಅಗರಿನಲ್ಲಿ ನಿಧಾನವಾಗಿ ಸಾಗುತ್ತದೆ. ಅದಕ್ಕೆ ಚೆನ್ನಾಗಿ ಬಗ್ಗುವ ಸ್ಟೆಫಿಲೊಕಾಕಸ್ ತಳಿಯ ಮೇಲೂ ಅದರ ಝೋನ್ 17ರಿಂದ 21 ಮಿ.ಮೀ. ಮಾತ್ರ. ಇದನ್ನು ಕಂಡು ವ್ಯಾಂಕೊಮೈಸಿನ್ ದುರ್ಬಲ ಔಷಧಿಯೆಂದು ಯಾವ ವೈದ್ಯರೂ ಹೇಳುವುದಿಲ್ಲ. ಸ್ಟೆಫಿಲೊಕಾಕಸ್ ವಿಷಯದಲ್ಲಿ ಅದರ ಬಿಲ್ಲೆ ಪರೀಕ್ಷೆಯನ್ನು ನಂಬುವುದನ್ನೇ ಈಗ ಕೈಬಿಡಲಾಗಿದೆ. ಪ್ರತಿ ಔಷಧಿಗೂ ಎಷ್ಟು ಮಿಲಿಮೀಟರಿದ್ದರೆ ರೋಗಿಗೆ ಉಪಯೋಗ ಎಂಬ ಗಡಿಯನ್ನು ಪ್ರತ್ಯೇಕವಾಗಿ, ಬಹಳ ಶ್ರಮಪಟ್ಟು ಗೊತ್ತುಮಾಡಿದ್ದಾರೆ. ಓಮದೆಣ್ಣೆಗೋ ಲವಂಗದೆಣ್ಣೆಗೋ ಅಂಥ ಗಡಿಯಿಲ್ಲ. ಅವುಗಳ ಝೋನಿನ ಮುಂದೆ 'ಸೂಕ್ಷ್ಮಗ್ರಾಹಿ', 'ಪ್ರತಿರೋಧಿ' ಎಂಬ ಪದಗಳನ್ನು ಬರೆಯಲು ಆಧಾರವೇ ಇರುವುದಿಲ್ಲ.

ಎಣ್ಣೆಯ ಕಷ್ಟ ಇನ್ನೂ ಹೆಚ್ಚಿನದು. ಅಗರ್ ತಟ್ಟೆಯಲ್ಲಿ ಬಹುಪಾಲು ಇರುವುದು ನೀರು. ಥೈಮಾಲ್ ಒಂದು ಲೀಟರ್ ನೀರಿನಲ್ಲಿ ಸುಮಾರು 1 ಗ್ರಾಂ ಕರಗುತ್ತದೆ. ಕಿತ್ತಳೆ ಸಿಪ್ಪೆಯ ಲಿಮೊನೀನ್ 14 ಮಿಲಿಗ್ರಾಮನ್ನೂ ಮೀರುವುದಿಲ್ಲ. ಎರಡನ್ನೂ ಬಿಲ್ಲೆಗೆ ಹಾಕಿದರೆ ಥೈಮಾಲ್ ಅಗರಿನೊಳಗೆ ನಡೆದುಹೋಗುತ್ತದೆ, ಲಿಮೊನೀನ್ ಬಿಲ್ಲೆಯಲ್ಲೇ ಕೂತು ಗಾಳಿಗೆ ಹಾರುತ್ತದೆ. ಹಾರಿದ್ದು ತಟ್ಟೆಯ ಮುಚ್ಚಳದ ಕೆಳಗೇ ಸುತ್ತಾಡಿ ದೂರದ ಅಗರಿನ ಮೇಲೆ ಇಳಿಯುತ್ತದೆ. ಒಂದೇ ತಟ್ಟೆಯಲ್ಲಿ ನಾಲ್ಕು ಎಣ್ಣೆಗಳ ನಾಲ್ಕು ಬಿಲ್ಲೆಗಳನ್ನಿಟ್ಟರೆ ಒಂದರ ಆವಿ ಇನ್ನೊಂದರ ವೃತ್ತವನ್ನು ಹಿಗ್ಗಿಸಬಹುದು. ಒಬ್ಬರು ಬಿಲ್ಲೆಗೆ 5 ಮೈಕ್ರೊಲೀಟರ್ ಹಾಕುತ್ತಾರೆ, ಇನ್ನೊಬ್ಬರು 20. ಒಬ್ಬರು ಬಿಲ್ಲೆಯನ್ನು ಬಿಟ್ಟು ಅಗರಿನಲ್ಲಿ ಗುಳಿ ಕೊರೆದು ತುಂಬುತ್ತಾರೆ. ಹೀಗಿರುವಾಗ ಬೇರೆ ಬೇರೆ ಪ್ರಬಂಧಗಳ ಮಿಲಿಮೀಟರುಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಬಿಲ್ಲೆ ಪರೀಕ್ಷೆಗೆ ಒಂದು ಒಳ್ಳೆಯ ಉಪಯೋಗವಿದೆ: ಹತ್ತಾರು ಎಣ್ಣೆಗಳಲ್ಲಿ ಯಾವುವನ್ನು ಮುಂದೆ ಆಳವಾಗಿ ಪರೀಕ್ಷಿಸಬೇಕು ಎಂದು ಬೇಗ, ಕಡಿಮೆ ಖರ್ಚಿನಲ್ಲಿ ಸೂಚಿಸುತ್ತದೆ. ಅಲ್ಲೂ ಹರಡಲಾರದ ಒಳ್ಳೆಯ ಎಣ್ಣೆಯೊಂದು ಕೈತಪ್ಪಬಹುದು ಎಂಬ ಎಚ್ಚರ ಬೇಕು.

ಮುಂದಿನ ಹಂತದಲ್ಲಿ ಕೇಳುವ ಪ್ರಶ್ನೆ ಹೆಚ್ಚು ನೇರವಾದದ್ದು. ಬ್ಯಾಕ್ಟೀರಿಯ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಎಣ್ಣೆ ಬೇಕು? ಇದನ್ನು ಲ್ಯಾಬಿನಲ್ಲಿ ಎಂಐಸಿ ಎನ್ನುತ್ತಾರೆ. ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಪೋಷಕ ದ್ರವ ತುಂಬಿ, ಮೊದಲ ಗುಳಿಯಲ್ಲಿ 2% ಎಣ್ಣೆ, ಮುಂದಿನದರಲ್ಲಿ 1%, ಅದರ ಮುಂದೆ 0.5% ಹೀಗೆ ಅರ್ಧರ್ಧ ಮಾಡುತ್ತ ಹೋಗಿ, ಪ್ರತಿ ಗುಳಿಗೂ ಮಿಲಿಲೀಟರಿಗೆ 5 ಲಕ್ಷದ ಲೆಕ್ಕದಲ್ಲಿ ಬ್ಯಾಕ್ಟೀರಿಯ ಸೇರಿಸುತ್ತಾರೆ. ಮರುದಿನ ಯಾವ ಗುಳಿಯವರೆಗೆ ಬೆಳವಣಿಗೆ ಇಲ್ಲವೋ ಅದೇ ಉತ್ತರ. ಎಣ್ಣೆಯಿಂದಲೇ ದ್ರವ ಮಬ್ಬಾಗಿರುವುದರಿಂದ ಕಣ್ಣಿಗೆ ಗೊತ್ತಾಗುವುದು ಕಷ್ಟ. ಅದಕ್ಕೆ ರೆಸಜುರಿನ್ ಎಂಬ ನೀಲಿ ಬಣ್ಣ ಹಾಕುತ್ತಾರೆ. ಜೀವಂತ ಬ್ಯಾಕ್ಟೀರಿಯ ಅದನ್ನು ಗುಲಾಬಿಗೆ ತಿರುಗಿಸುತ್ತದೆ. ನೀಲಿಯಾಗೇ ಉಳಿದ ಗುಳಿಗಳಿಂದ ಸ್ವಲ್ಪ ತೆಗೆದು ಎಣ್ಣೆಯಿಲ್ಲದ ಹೊಸ ಅಗರಿನ ಮೇಲೆ ಸವರಿದರೆ, ಬ್ಯಾಕ್ಟೀರಿಯ ಸತ್ತಿತ್ತೋ ಸುಮ್ಮನೆ ಬೆಳವಣಿಗೆ ನಿಲ್ಲಿಸಿತ್ತೋ ತಿಳಿಯುತ್ತದೆ. ಸಾವಿರದಲ್ಲಿ ಒಂದಕ್ಕಿಂತ ಹೆಚ್ಚು ಉಳಿದಿರದಿದ್ದರೆ ಮಾತ್ರ 'ಕೊಂದಿತು' ಎನ್ನಬಹುದು. ಮಿಲಿಲೀಟರಿನಲ್ಲಿದ್ದ 5 ಲಕ್ಷ 500ಕ್ಕೆ ಇಳಿದಿರಬೇಕು. ಕಾಖ್ ಮಾಡಿದ್ದ ಭೇದ ಇಲ್ಲಿ ಅಂಕಿಯಾಗಿ ಕಾಣುತ್ತದೆ.

ಹೇಳುವಾಗ ಸುಲಭ. ಆದರೆ ಪೋಷಕ ದ್ರವಕ್ಕೆ ಹಾಕಿದ ಎಣ್ಣೆ ಸಾರಿನ ಮೇಲಿನ ಒಗ್ಗರಣೆಯಂತೆ ತೇಲುತ್ತದೆ, ಬ್ಯಾಕ್ಟೀರಿಯ ಕೆಳಗೆ ನೆಮ್ಮದಿಯಾಗಿರುತ್ತದೆ. ಬೆರೆಸಲು ಏನಾದರೂ ಬೇಕು. ಹಲವರು ಟ್ವೀನ್ 80 ಎಂಬ ಡಿಟರ್ಜೆಂಟ್ ಬಳಸುತ್ತಾರೆ. ಅದು ಎಣ್ಣೆಯನ್ನು ಚೆನ್ನಾಗಿ ಬೆರೆಸುತ್ತದೆ. ಜೊತೆಗೆ ಎಣ್ಣೆಯ ಅಣುಗಳನ್ನು ತನ್ನ ಸೂಕ್ಷ್ಮ ಗುಳ್ಳೆಗಳೊಳಗೆ ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಕ್ಕೆ ಮುಟ್ಟದಂತೆಯೂ ಮಾಡುತ್ತದೆ. ಟ್ವೀನ್ ಹೆಚ್ಚಾದಷ್ಟೂ ಎಣ್ಣೆ ದುರ್ಬಲವೆಂದು ಕಾಣುತ್ತದೆ. ಇನ್ನು ಕೆಲವರು ಡಿಎಂಎಸ್‌ಒ ಎಂಬ ದ್ರಾವಕ ಬಳಸುತ್ತಾರೆ. ಅದು ಹೆಚ್ಚಾದರೆ ತಾನೇ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಆ ಪುಣ್ಯ ಎಣ್ಣೆಯ ಖಾತೆಗೆ ಜಮೆಯಾಗುತ್ತದೆ. 1990ರ ದಶಕದಲ್ಲಿ ಸಂಶೋಧಕರು ಕಂಡುಕೊಂಡ ಒಂದು ದಾರಿ ನನಗೆ ತುಂಬ ಹಿಡಿಸಿದೆ. ದ್ರವಕ್ಕೆ 0.15% ಅಗರ್ ಸೇರಿಸುವುದು. ಗಟ್ಟಿಯಾಗದು, ತುಸು ಮಂದವಾಗುತ್ತದೆ ಅಷ್ಟೆ. ಎಣ್ಣೆಯ ಹನಿಗಳು ಅದರಲ್ಲಿ ತೇಲಿ ಮೇಲೆ ಬರದೆ ಹರಡಿಕೊಂಡೇ ನಿಲ್ಲುತ್ತವೆ. ಯಾವ ದಾರಿ ಹಿಡಿದರೂ ಎಣ್ಣೆಯಿಲ್ಲದೆ ಬರೀ ಟ್ವೀನ್ ಅಥವಾ ಡಿಎಂಎಸ್‌ಒ ಹಾಕಿದ ಗುಳಿಯನ್ನು, ಏನೂ ಹಾಕದ ಗುಳಿಯನ್ನು, ಬ್ಯಾಕ್ಟೀರಿಯವೇ ಇಲ್ಲದ ಗುಳಿಯನ್ನು ಪಕ್ಕದಲ್ಲಿ ಇಡಲೇಬೇಕು.

ಆವಿ ಇಲ್ಲೂ ಬಿಡುವುದಿಲ್ಲ. 2% ಎಣ್ಣೆಯ ಗುಳಿಯಿಂದ ಎದ್ದ ಆವಿ ಪಕ್ಕದ ಸಾಲಿನ, ಏನೂ ಹಾಕದ ಗುಳಿಯನ್ನೂ ತಲುಪಿ ಅಲ್ಲಿನ ಬೆಳವಣಿಗೆಯನ್ನು ಕುಗ್ಗಿಸಬಲ್ಲದು. ಅಂಟುಪಟ್ಟಿಯಿಂದ ಗುಳಿಗಳನ್ನು ಮುಚ್ಚಬೇಕು, ಬೇರೆ ಬೇರೆ ಎಣ್ಣೆಗಳಿಗೆ ಬೇರೆ ತಟ್ಟೆ ಬಳಸಬೇಕು. ಅಗ್ಗದ ತಟ್ಟೆಗಳು ಪಾಲಿಸ್ಟೈರೀನಿನವು; ಲಿಮೊನೀನ್ ಹೆಚ್ಚಿರುವ ಎಣ್ಣೆ ಆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಅರ್ಧರ್ಧ ಮಾಡುತ್ತ ಹೋಗುವ ವಿಧಾನವಾದ್ದರಿಂದ ಒಂದು ಹೆಜ್ಜೆ ಆಚೀಚೆ ಆಗುವುದು ಸಾಮಾನ್ಯ. ಒಂದು ಎಣ್ಣೆಗೆ 0.25%, ಇನ್ನೊಂದಕ್ಕೆ 0.5% ಬಂದರೆ ಮೊದಲನೆಯದು ಎರಡು ಪಟ್ಟು ಒಳ್ಳೆಯದೆಂದು ಹೇಳುವಂತಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದಾಗ ಸಿಗುವ ಫಲಿತಾಂಶ ಓದಲು ರೋಮಾಂಚನವಾಗುತ್ತದೆ. 1999ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಹ್ಯಾಮರ್, ಕಾರ್ಸನ್, ರೈಲಿ ಎಂಬ ಮೂವರು 52 ಸಸ್ಯ ತೈಲ ಮತ್ತು ಸಾರಗಳನ್ನು ಹತ್ತು ಸೂಕ್ಷ್ಮಜೀವಿಗಳ ಎದುರು ಒಂದೇ ವಿಧಾನದಲ್ಲಿ ಪರೀಕ್ಷಿಸಿದರು. ಎಣ್ಣೆಯನ್ನು ಅಗರಿನಲ್ಲೇ ನಿರ್ದಿಷ್ಟ ಪ್ರಮಾಣಗಳಲ್ಲಿ ಬೆರೆಸುವ ವಿಧಾನ ಅದು. ಹರಡುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನಿಂಬೆಹುಲ್ಲು, ಓರೆಗಾನೊ, ಬೇ ಎಣ್ಣೆಗಳು 2% ಅಥವಾ ಅದಕ್ಕಿಂತ ಕಡಿಮೆಯಲ್ಲಿ ಹತ್ತನ್ನೂ ತಡೆದವು. ಕೆಲವನ್ನು ಪೋಷಕ ದ್ರವದಲ್ಲೂ ಪರೀಕ್ಷಿಸಿದಾಗ ಥೈಮ್ ಎಣ್ಣೆ ಇ. ಕೋಲಿಯನ್ನು 0.03%ರಲ್ಲಿ ತಡೆಯಿತು. ಬಾದಾಮಿ ಎಣ್ಣೆ, ಕುಂಬಳಬೀಜದ ಎಣ್ಣೆಯಂಥವು 2%ರಲ್ಲೂ ಏನೂ ಮಾಡಲಿಲ್ಲ. ಅವು ಅಡುಗೆ ಎಣ್ಣೆಯ ಜಾತಿ, ಸುಗಂಧ ತೈಲವಲ್ಲ. ಹಾಗಾಗಿ ಅದು ಸರಿಯಾಗೇ ಇದೆ. ದ್ರವದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ಬಂದದ್ದು ಲಾವಂಚದ ಎಣ್ಣೆಗೆ, ಸ್ಟೆಫಿಲೊಕಾಕಸ್ ಆರಿಯಸ್‌ನ ಎದುರು 0.008%. ಲಾವಂಚದೆಣ್ಣೆ ಮಂದ, ನಿಧಾನವಾಗಿ ಆವಿಯಾಗುತ್ತದೆ, ಅದರಲ್ಲಿರುವುದು ನೀರನ್ನು ಒಲ್ಲದ ಭಾರವಾದ ಸೆಸ್ಕ್ವಿಟರ್ಪೀನ್ ಅಣುಗಳು. ಬಿಲ್ಲೆ ಪರೀಕ್ಷೆಯೊಂದನ್ನೇ ನೆಚ್ಚಿದ್ದರೆ ಇಂಥ ಎಣ್ಣೆ ಪಟ್ಟಿಯ ಕೆಳಗೆ ಬೀಳುವ ಸಾಧ್ಯತೆ ಬಹಳ. ಬೇಸಿಗೆಯಲ್ಲಿ ಮಡಕೆ ನೀರಿಗೆ ಲಾವಂಚದ ಬೇರು ಹಾಕುವ ನಮಗೆ ಈ ಅಂಕಿ ವಿಶೇಷ ಕುತೂಹಲ ಹುಟ್ಟಿಸುತ್ತದೆ. ಆದರೆ ನೀರಿನಲ್ಲಿ ನೆನೆದ ಬೇರಿನಿಂದ ಇಳಿಯುವ ಪರಿಮಳವನ್ನೂ ಬಟ್ಟಿ ಇಳಿಸಿದ ಎಣ್ಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎಣ್ಣೆಯ ಅಣು ಬ್ಯಾಕ್ಟೀರಿಯಕ್ಕೆ ಮಾಡುವುದೇನು ಎಂಬುದೂ ಈಗ ಸಾಕಷ್ಟು ಗೊತ್ತಿದೆ. ನೀರನ್ನು ಒಲ್ಲದ ಈ ಅಣುಗಳು ಕೊಬ್ಬಿನಿಂದಾದ ಜೀವಕೋಶದ ಪೊರೆಯಲ್ಲಿ ಸೇರಿಕೊಳ್ಳುತ್ತವೆ. ಬ್ಯಾಕ್ಟೀರಿಯ ತನ್ನ ಪೊರೆಯ ಹೊರಗೆ ಹೆಚ್ಚು ಪ್ರೋಟಾನುಗಳನ್ನು, ಒಳಗೆ ಹೆಚ್ಚು ಪೊಟ್ಯಾಸಿಯಮ್ಮನ್ನು ಇಟ್ಟುಕೊಂಡು, ಆ ಏರುಪೇರಿನಿಂದಲೇ ಶಕ್ತಿ ಪಡೆಯುತ್ತದೆ. ನೆದರ್‌ಲ್ಯಾಂಡ್ಸಿನ ಉಲ್ಟೀ ಮತ್ತು ಸಂಗಡಿಗರು 2002ರಲ್ಲಿ ಬ್ಯಾಸಿಲಸ್ ಸೀರಿಯಸ್ ಮೇಲೆ ನಡೆಸಿದ ಪ್ರಯೋಗದಲ್ಲಿ ಕಾರ್ವಕ್ರಾಲ್ ಈ ಏರುಪೇರನ್ನೇ ಕುಸಿಯುವಂತೆ ಮಾಡಿತು. ಫೀನಾಲಿನ ಹೈಡ್ರಾಕ್ಸಿಲ್ ಗುಂಪು ಪ್ರೋಟಾನನ್ನು ಹೊತ್ತು ಒಳಗೆ ಬಿಡುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ ಎಂಬುದು ಅವರ ವಿವರಣೆ. ಆ ಗುಂಪಿಲ್ಲದ ಸೈಮೀನ್, ಆ ಗುಂಪು ಮುಚ್ಚಿಹೋದ ಕಾರ್ವಕ್ರಾಲ್ ಮೀಥೈಲ್ ಈಥರ್ ಈ ಕೆಲಸ ಮಾಡಲಿಲ್ಲ. ಯುಜಿನಾಲಿಗೂ ಮೀಥೈಲ್ ಯುಜಿನಾಲಿಗೂ ಇರುವ ಅಂತರ ಈ ಬಗೆಯದೇ. ಇನ್ನೊಂದು ಸ್ವಾರಸ್ಯವಿದೆ. ಸೈಮೀನ್ ತಾನು ಕೊಲ್ಲಲಾರದಾದರೂ ಪೊರೆಯೊಳಗೆ ಸೇರಿ ಅದನ್ನು ಉಬ್ಬಿಸಿ, ಕಾರ್ವಕ್ರಾಲಿಗೆ ದಾರಿ ಸುಗಮ ಮಾಡುತ್ತದೆ. ಓಮದೆಣ್ಣೆಯಲ್ಲಿ ಥೈಮಾಲ್ ಜೊತೆಗೆ ಸೈಮೀನ್ ಧಾರಾಳವಾಗಿದೆ. ಇಡೀ ಎಣ್ಣೆಯನ್ನೂ ಅದರ ಮುಖ್ಯ ಅಣುವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕೆನ್ನುವುದು ಇದಕ್ಕೇ.

ಗ್ರಾಂ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಗಳಿಗೆ ಇನ್ನೊಂದು ಹೊರಪೊರೆ ಇರುತ್ತದೆ. ಅದರ ಹೊರಮೈ ನೀರನ್ನು ಇಷ್ಟಪಡುವ ಸಕ್ಕರೆ ಸರಪಳಿಗಳಿಂದ ತುಂಬಿರುವುದರಿಂದ ಎಣ್ಣೆ ಸುಲಭವಾಗಿ ಒಳಹೋಗದು. ಅವುಗಳಲ್ಲಿ ಸ್ಯೂಡೊಮೊನಾಸ್ ಎರುಜಿನೋಸಾ ಅತಿ ಹಟಮಾರಿ. ಹೊಕ್ಕ ಅಣುಗಳನ್ನೂ ಪಂಪುಗಳ ಮೂಲಕ ಹೊರಗೆ ಎಸೆಯುತ್ತದೆ. ಆ 1999ರ ಪರೀಕ್ಷೆಯಲ್ಲಿ ಬಹುತೇಕ ಎಣ್ಣೆಗಳಿಗೆ ಅದು 2%ವರೆಗೂ ಬಗ್ಗಲಿಲ್ಲ. ಸುಟ್ಟಗಾಯದ ವಾರ್ಡುಗಳಲ್ಲಿ ಕಾಡುವ ಬ್ಯಾಕ್ಟೀರಿಯವೇ ಅದು. ಸ್ಟೆಫಿಲೊಕಾಕಸ್ ಒಂದನ್ನೇ ಪರೀಕ್ಷಿಸಿ 'ಬ್ಯಾಕ್ಟೀರಿಯನಾಶಕ' ಎಂದು ತಲೆಬರಹ ಕೊಡುವವರು ಇದನ್ನು ಓದಬೇಕು.

ಆಂಟಿಬಯಾಟಿಕ್ ಜೊತೆಗಿನ ಹೋಲಿಕೆಯನ್ನೂ ಅಂಕಿಯಲ್ಲೇ ಮಾಡೋಣ. ಇ. ಕೋಲಿಯ ಎದುರು ಥೈಮ್ ಎಣ್ಣೆಯ 0.03% ಎಂದರೆ ಮಿಲಿಲೀಟರಿಗೆ ಸುಮಾರು 270 ಮೈಕ್ರೊಗ್ರಾಂ. ಸಿಪ್ರೊಫ್ಲಾಕ್ಸಸಿನ್‌ಗೆ ಸುಲಭವಾಗಿ ಬಗ್ಗುವ ಇ. ಕೋಲಿಯನ್ನು ತಡೆಯಲು ಬೇಕಾದ ಆ ಔಷಧಿ 0.004ರಿಂದ 0.016 ಮೈಕ್ರೊಗ್ರಾಂ. ಎಣ್ಣೆಯ ಅತ್ಯುತ್ತಮ ಫಲಿತಾಂಶಕ್ಕೂ ಔಷಧಿಗೂ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಬಿಲ್ಲೆಗಳಲ್ಲಿ ಇದು ಕಾಣದಿರುವುದು ಏಕೆಂದರೆ ಔಷಧಿಯ ಬಿಲ್ಲೆಯಲ್ಲಿ 5 ಮೈಕ್ರೊಗ್ರಾಂ ಇದ್ದರೆ ಎಣ್ಣೆಯ ಬಿಲ್ಲೆಯಲ್ಲಿ ಸಾವಿರಾರು ಮೈಕ್ರೊಗ್ರಾಂ ಇರುತ್ತದೆ. ರಕ್ತದಲ್ಲಿ ಅಷ್ಟು ಪ್ರಮಾಣದ ಎಣ್ಣೆ ತರಲು ಹೋದರೆ ಬ್ಯಾಕ್ಟೀರಿಯಕ್ಕಿಂತ ಮುಂಚೆ ಮನುಷ್ಯನಿಗೇ ಅಪಾಯ. ಪೊರೆಯನ್ನು ಕೆಡಿಸುವ ಅಣು ನಮ್ಮ ಜೀವಕೋಶದ ಪೊರೆಯನ್ನೂ ಬಿಡದು, ರಕ್ತದ ಪ್ರೋಟೀನುಗಳು ಎಣ್ಣೆಯ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀಲಗಿರಿ ಎಣ್ಣೆ ಕುಡಿದ ಮಕ್ಕಳಿಗೆ ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಮಕ್ಕಳಿರುವ ಮನೆಯಲ್ಲಿ ಈ ಬಾಟಲಿಗಳನ್ನು ಕೈಗೆಟುಕದ ಕಡೆ ಇಡಿ, ಯಾರೇ ಹೇಳಿದರೂ ಹೊಟ್ಟೆಗೆ ಕೊಡಬೇಡಿ.

ಚರ್ಮದ ಮೇಲಿನ ಮಾತು ಬೇರೆ. ಅಲ್ಲಿ 5%, 10% ಎಣ್ಣೆಯನ್ನು ನೇರವಾಗಿ ಹಚ್ಚಬಹುದು. ಆಸ್ಟ್ರೇಲಿಯದಲ್ಲಿ ಮೊಡವೆಯ 124 ರೋಗಿಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 5% ಟೀ ಟ್ರೀ ಜೆಲ್ಲನ್ನು 5% ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆ ಹೋಲಿಸಿದರು. ಎರಡೂ ಫಲ ಕೊಟ್ಟವು. ಎಣ್ಣೆಯದು ನಿಧಾನ, ಆದರೆ ಉರಿ ಕೆರೆತ ಕಡಿಮೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಔಷಧಿ ನಿರೋಧಕ ಸ್ಟೆಫಿಲೊಕಾಕಸ್ ಹೊತ್ತ 224 ರೋಗಿಗಳ ಪ್ರಯೋಗ ಪ್ರಕಟವಾಯಿತು. ಮೂಗಿನೊಳಗಿನ ಬ್ಯಾಕ್ಟೀರಿಯವನ್ನು ಮ್ಯುಪಿರೊಸಿನ್ ಮುಲಾಮು 78% ಜನರಲ್ಲಿ ಹೋಗಲಾಡಿಸಿತು, 10% ಟೀ ಟ್ರೀ ಕ್ರೀಮ್ 47% ಜನರಲ್ಲಿ. ಚರ್ಮದ ಮೇಲಿನ ಜಾಗಗಳಲ್ಲಿ ಮಾತ್ರ ಟೀ ಟ್ರೀ ಚಿಕಿತ್ಸೆ ಆಗ ಬಳಕೆಯಲ್ಲಿದ್ದ ಕ್ಲೋರ್‌ಹೆಕ್ಸಿಡಿನ್ ಮತ್ತು ಸಿಲ್ವರ್ ಸಲ್ಫಡಯಾಜಿನ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಒಂದೇ ಎಣ್ಣೆ, ಒಂದೇ ಬ್ಯಾಕ್ಟೀರಿಯ, ಒಂದೇ ಮೈ. ಮೂಗಿನಲ್ಲಿ ಸೋತದ್ದು ತೊಗಲಿನ ಮೇಲೆ ಗೆದ್ದಿತು. ಇದನ್ನು ಯಾವ ಅಗರ್ ತಟ್ಟೆಯೂ ಮೊದಲೇ ಹೇಳಲಾಗುತ್ತಿರಲಿಲ್ಲ.

ಟೀ ಟ್ರೀ ಎಣ್ಣೆ ಈ ಹಂತ ಮುಟ್ಟಿದ್ದಕ್ಕೆ ಒಂದು ಕಾರಣ, ಅದರಲ್ಲಿ ಏನಿರಬೇಕೆಂಬ ನಿಯಮ ಬಲು ಮುಂಚೆ ಬಂದದ್ದು. ಆಸ್ಟ್ರೇಲಿಯದಲ್ಲಿ ಅದಕ್ಕೆ 1985ರಲ್ಲೇ ರಾಷ್ಟ್ರೀಯ ಮಾನದಂಡ ಇತ್ತು. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟರ್ಪಿನೀನ್-4-ಆಲ್ ಕನಿಷ್ಠ 35% ಇರಬೇಕು, ಸಿನಿಯೋಲ್ 10% ಮೀರಬಾರದು. ನಮ್ಮ ಎಣ್ಣೆಗಳಿಗೂ ಹೀಗೆ ಮಾಡುವುದು ಅಸಾಧ್ಯವಲ್ಲ: ನಿಂಬೆಹುಲ್ಲು, ಲಾವಂಚಗಳ ಮೇಲೆ ಕೆಲಸ ಮಾಡುವ ಸಿಮ್ಯಾಪ್ ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ, ಗ್ಯಾಸ್ ಕ್ರೊಮಾಟೊಗ್ರಫಿ ಯಂತ್ರಗಳು ಇಂದು ಹಲವು ವಿಶ್ವವಿದ್ಯಾಲಯಗಳಲ್ಲಿವೆ. ದೊಡ್ಡಪತ್ರೆಯ ಮೇಲೆ ಮುಂದಿನ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ವಿದ್ಯಾರ್ಥಿನಿ ಎಲೆ ಎಲ್ಲಿಯದು, ಯಾವ ತಿಂಗಳಲ್ಲಿ ಕಿತ್ತದ್ದು, ಎಷ್ಟು ಹೊತ್ತು ಬಟ್ಟಿ ಇಳಿಸಿದ್ದು, ಕಾರ್ವಕ್ರಾಲ್ ಶೇಕಡ ಎಷ್ಟು, ಬೆರೆಸಲು ಏನು ಬಳಸಿದ್ದು, ಬರೀ ಆ ಬೆರಕೆ ವಸ್ತು ಹಾಕಿದ ಗುಳಿಯಲ್ಲಿ ಏನಾಯಿತು ಎಂಬುದನ್ನು ಮೊದಲ ಪುಟದಲ್ಲೇ ಬರೆದರೆ, ಅವಳ ಝೋನ್ 12 ಮಿ.ಮೀ. ಬರಲಿ 30 ಬರಲಿ, ಅದನ್ನು ಮುಂದಿನವರು ಎತ್ತಿಕೊಂಡು ಕೆಲಸ ಮುಂದುವರಿಸಬಹುದು.